ಬಂದ್ ಮಾಡಿದ ಪೇಟಿ

ಹೊಳೆದಂಡೆಯ ಮಠದಲ್ಲಿ ಭಜನೆ ಕಲಿಸುತ್ತಿದ್ದ ಅಡಿವೆಪ್ಪಜ್ಜನಿಗೆ ಎಂಬತ್ತು ದಾಟಿತ್ತು. ಅವರ ಬಾಯಲ್ಲಿ ಹೊಗಳಿಕೆ ಕೇಳಿದವರು ಆ ಊರಲ್ಲಿ ಒಬ್ಬರೂ ಇಲ್ಲ. ಬೈಸಿಕೊಂಡವರು ಮಾತ್ರ ಮನೆಗಿಬ್ಬರು ಸಿಗುತ್ತಾರೆ.

ಒಂದು ಮುಂಜಾನೆ ಕಸ್ತೂರಿ ಅಳುತ್ತಾ ಬಂದು ಅವರ ಮುಂದೆ ನಿಂತಳು. ಸಣ್ಣವಳಿದ್ದಾಗ ಅಜ್ಜನ ಬಳಿಯೇ ಪೇಟಿ ಕಲಿತವಳು. ಹಾರ್ಮೋನಿಯಂಗೆ ಆ ಕಡೆ ಪೇಟಿ ಎನ್ನುತ್ತಾರೆ. ಬಗಲಲ್ಲಿ ಲ್ಯಾಪ್‌ಟಾಪ್ ಇತ್ತು.

“ಏನಾತವ್ವಾ?”

“ಹಾಡು ಅಳಿಸಿಬಿಡು ಅಂದಾನ್ರಿ ಅಪ್ಪ.”

ವಿಷಯ ಇಷ್ಟು. ಅವಳಪ್ಪ ದ್ಯಾಮಣ್ಣ ನಲವತ್ತು ವರ್ಷ ಊರ ಭಜನೆ ಹಾಡಿದವನು. ಗಂಟಲಲ್ಲಿ ಗಂಟು ಬಂತು. ಆಪರೇಷನ್ ಆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಆಪರೇಷನ್ನಿನ ಹಿಂದಿನ ದಿನ ಕಸ್ತೂರಿ ಪಡಸಾಲೆಯ ಕಿಟಕಿ ಬಾಗಿಲಿಗೆಲ್ಲ ಹೊರಗಿನ ಸದ್ದು ಬಾರದಂತೆ ಕೌದಿ ಕಟ್ಟಿದಳು. ಅಪ್ಪನ ಬಾಯಿಯ ಮುಂದೊಂದು ಮೈಕು, ತನ್ನ ಪೇಟಿಯ ಮುಂದೊಂದು, ತಮ್ಮ ಮುತ್ತಣ್ಣನ ತಬಲಾದ ಮುಂದೊಂದು ಇಟ್ಟಳು. ಒಂದೇ ಹಾಡು, ಒಂದೇ ಸಲ ರೆಕಾರ್ಡ್ ಆಯಿತು. ಈಗ ದ್ಯಾಮಣ್ಣ ಸ್ಲೇಟಿನ ಮೇಲೆ ಬರೆದು ಮಾತಾಡುತ್ತಾನೆ.

“ಎರಡ ತಿಂಗಳ ಕುಂತು ತಿದ್ದೀನ್ರಿ ಅಜ್ಜಾರ. ನಿನ್ನೆ ಕೇಳಿಸಿದೆ. ಸ್ಲೇಟಿನ ಮ್ಯಾಲ ‘ಇವನ್ಯಾರು?’ ಅಂತ ಬರದ. ಅದರ ಕೆಳಗ ‘ಅಳಿಸು’ ಅಂತ ಬರದ. ಸೋಮವಾರದ ತನಕ ತಡಿ ಅಂತ ಕಾಲ ಹಿಡದೀನಿ. ಅಪ್ಪನ ದನಿ ಅಂತ ಇರೂದು ಇದೊಂದ ನೋಡ್ರಿ.”

“ಹಚ್ಚು, ಕೇಳೂಣು.”

ಹಚ್ಚಿದಳು. ದ್ಯಾಮಣ್ಣನ ದನಿ ಯಾವುದೋ ದೊಡ್ಡ ಗುಡಿಯೊಳಗಿಂದ ಬಂದಂತೆ ಮೊಳಗುತ್ತಿತ್ತು. ಪೇಟಿ ಅದರ ಮೇಲೆ ಬಿದ್ದು, ತಬಲಾ ಎರಡರ ಮೇಲೂ ಬಿದ್ದು, ಕಡೆಗೆ ಸ್ಪೀಕರೇ ಗರಗರ ಎಂದಿತು. ಅರ್ಧಕ್ಕೇ ಅಜ್ಜ ಕೈ ಎತ್ತಿದರು.

“ಮೊದಲ ಯಾವುದರ ಸದ್ದು ಏರಿಸಿದಿ?”

“ಅಪ್ಪನ ದನಿ.”

“ಆಮ್ಯಾಲ?”

“ನನ್ನ ಪೇಟಿ ಕೇಳಲಿಲ್ಲ. ಅದನ್ನ ಏರಿಸಿದೆ.”

“ಆಮ್ಯಾಲ?”

“ಮುತ್ತಣ್ಣ ಸಿಟ್ಟಾದ. ತಬಲಾ ಏರಿಸಿದೆ.”

“ಆಮ್ಯಾಲ?”

“ಮತ್ತ ಅಪ್ಪ ಕೇಳಲಿಲ್ರಿ.”

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಲ್ಲಾರೂ ಅಟ್ಟ ಹತ್ತಿ ಕುಂತೀರಿ! ಪಡಸಾಲಿ ಖಾಲಿ ಆತಲ್ಲವ್ವಾ.”

ಕಸ್ತೂರಿಗೆ ನಗು ಬರಲಿಲ್ಲ. “ಈಗೇನ ಮಾಡ್ಲಿ, ಹೇಳ್ರಿ.”

“ಪೇಟಿ ತಗೊಂಡು ಹೊಳಿಗೆ ಬಾ. ಆ ನಿನ್ನ ಲ್ಯಾಪ್‌ಟಾಪೂ ಇರ್ಲಿ.”

ಹೊಳೆಯ ಮೆಟ್ಟಿಲ ಮೇಲೆ ಇಬ್ಬರೂ ಕುಳಿತರು. ಅವಳು ಮಠದ ಪೇಟಿ ಬಾರಿಸಿದಳು. ಅಜ್ಜ ಹಾಡತೊಡಗಿದರು, ತೀರಾ ಮೆಲ್ಲಗೆ.

“ಜೋರ ಹಾಡ್ರಿ ಅಜ್ಜಾರ. ಏನೂ ಕೇಳಸವಲ್ದು.”

ಅಜ್ಜ ಇನ್ನೂ ಮೆಲ್ಲಗೆ ಹಾಡಿದರು.

“ಅಜ್ಜಾರ!”

“ಕೋಣನ ಮುಂದ ಕಿನ್ನರಿ ಬಾರಿಸಿದಂಗಾತು ನನ್ನ ಪಾಡು,” ಎಂದು ಗೊಣಗಿ ಮತ್ತೂ ಮೆಲ್ಲಗೆ ಹಾಡಿದರು. ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು.

ಕಸ್ತೂರಿಗೆ ಬೇಸರವಾಯಿತು. ಗಾಳಿ ಹಾಕುತ್ತಿದ್ದ ಅವಳ ಎಡಗೈ ತಾನಾಗಿ ಸಡಿಲವಾಯಿತು. ಪೇಟಿಯ ದನಿ ಇಳಿಯಿತು. ಆಗ ಹಾಡು ಕೇಳಿಸಿತು. ಒಂದೊಂದು ಅಕ್ಷರವೂ ಕೇಳಿಸಿತು.

“ಹಾಂ, ಈಗ ಜೋರ ಹಾಡಿದ್ರಿ ನೋಡ್ರಿ.”

“ನಾ ಎಲ್ಲಿ ಜೋರ ಹಾಡಿದೆ? ನಿನ್ನ ಕೈ ಸುಮ್ಮನಾತು.”

ಅಜ್ಜ ಲ್ಯಾಪ್‌ಟಾಪಿನ ಕಡೆ ಗದ್ದ ತೋರಿಸಿದರು.

“ಅದರಾಗ ಮೊದಲ ದಿನದ್ದು ಐತೇನು? ನೀ ಇನ್ನೂ ಕತ್ತರಿ ಆಡಸಲಾರದ್ದು?”

“ಐತ್ರಿ.”

“ಅದನ್ನ ತಗಿ. ನಿನ್ನ ಪೇಟಿ ಬಂದ್ ಮಾಡು. ತಬಲಾನೂ ಬಂದ್ ಮಾಡು.”

“ಪೂರಾ ಬಂದ್ ಮಾಡಿದ್ರ ಅಪ್ಪ ಒಬ್ಬನ ಆಗ್ತಾನ್ರಿ.” ಅಪ್ಪ ಒಬ್ಬನೇ ಹಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

“ಮಾಡಿ ನೋಡವ್ವಾ.”

ಮಾಡಿದಳು. ಹೆಡ್‌ಫೋನ್ ಕಿವಿಗಿಟ್ಟು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಬೆಚ್ಚಿ ಕಣ್ಣು ಬಿಟ್ಟಳು.

“ಅಜ್ಜಾರ, ಪೇಟಿ ಬಂದ್ ಮಾಡೀನಿ. ಆದ್ರೂ ಕೇಳಾಕತ್ತೈತ್ರಿ!”

“ಎಲ್ಲಿಂದ?”

“ಅಪ್ಪನ ಮೈಕಿನೊಳಗಿಂದ.”

ಪಡಸಾಲೆ ಸಣ್ಣದು. ಮೂವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದರು. ಪೇಟಿಯ ದನಿ ಅಪ್ಪನ ಮೈಕಿಗೂ ಬಿದ್ದಿತ್ತು. ತೆಳ್ಳಗೆ, ಪಕ್ಕದಿಂದ ಬಂದಂತೆ ಇತ್ತು.

“ಅದು ನಿಮ್ಮಪ್ಪ ಕೇಳಿದ ಪೇಟಿ,” ಎಂದರು ಅಜ್ಜ.

ಕಸ್ತೂರಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಇಪ್ಪತ್ತು ವರ್ಷ ಬಾರಿಸಿದ ಪೇಟಿಯನ್ನು ಅಪ್ಪ ಕುಳಿತ ಜಾಗದಿಂದ ಅವಳು ಒಮ್ಮೆಯೂ ಕೇಳಿರಲಿಲ್ಲ.

ಇನ್ನಷ್ಟು ಕೇಳಿದಳು. ಆಮೇಲೆ ತಲೆ ತಗ್ಗಿಸಿ ಹೇಳಿದಳು. “ಒಂದು ತಪ್ಪು ಮಾಡೀನ್ರಿ. ಅಪ್ಪ ಹಾಡಿನ ಕೆಲವೊಂದ ನುಡಿಗೆ ಮೊದಲ ಉಸಿರ ಎಳಕೊಂಡು ಒಂದೀಟು ತಡೀತಾನ. ನೋವಿಗೆ ಹಾಡಾಕ ಆಗವಲ್ದು ಅಂತ ತಿಳದು ಆ ಖಾಲಿ ಜಾಗ ಎಲ್ಲಾ ಕತ್ತರಿಸಿ ತಗದಿದ್ದೆ. ಮಂದಿ ಅಪ್ಪನ ನೋವು ಕೇಳಬಾರದು ಅಂತ.”

“ನೋವಿಗೆ ತಡದಾನ ಅಂತ ಯಾರ ಹೇಳಿದ್ರು?”

“ಯಾರೂ ಹೇಳಿಲ್ರಿ.”

“ಹಂಗಾರ ಮತ್ತ ಕೇಳು.”

ಮತ್ತೆ ಕೇಳಿದಳು, ಮೈಯೆಲ್ಲ ಕಿವಿಯಾಗಿ. ಮೊದಲ ನುಡಿ. ಅಪ್ಪ ಉಸಿರು ತುಂಬಿಕೊಂಡು ತಯಾರಾದ. ಹಾಡಲಿಲ್ಲ. ಅವಳ ಬೆರಳು ತಡವಾಗಿ ಬಂದು ಸ್ವರ ಮುಟ್ಟಿತು. ಆಗ ಹಾಡಿದ.

ಎರಡನೆಯ ನುಡಿಯಲ್ಲೂ ಅವಳದೇ ತಡ. ಅಲ್ಲೂ ಅಪ್ಪ ತಡೆದ.

ಮೂರನೆಯ ನುಡಿಗೆ ಅವಳ ಬೆರಳು ಹೊತ್ತಿಗೆ ಸರಿಯಾಗಿ ಬಂದಿತ್ತು. ಅಲ್ಲಿ ಅಪ್ಪ ತಡೆದೇ ಇರಲಿಲ್ಲ.

“ಅಯ್ಯೋ ಶಿವನೇ!” ಎಂದಳು ಕಸ್ತೂರಿ. “ನನ್ನ ಕಾಯಾಕತ್ತಿದ್ನಲ್ರಿ! ಗಂಟಲ ತುಂಬ ನೋವ ಇಟಗೊಂಡು ನನ್ನ ಬೆರಳಿಗೆ ಕಾಯಾಕತ್ತಿದ್ನಲ್ಲ! ನಾ ಅದನ್ನ ಕಸ ಅಂತ ಗುಡಿಸಿ ಚೆಲ್ಲಿದ್ದೆ.”

ಅವಳು ಅಳುವಷ್ಟು ಅಳಲಿ ಎಂದು ಅಜ್ಜ ಹೊಳೆ ನೋಡುತ್ತಾ ಕುಳಿತರು. ಬಿಸಿಲು ಮೆಟ್ಟಿಲಿಗೆ ಬಂದ ಮೇಲೆ ಅವಳೆದ್ದು ಕಾಲಿಗೆ ಬಿದ್ದು ಮನೆಗೆ ಹೋದಳು.

ಸೋಮವಾರ ತಿರುಗಿ ಬಂದಾಗ ಅವಳ ಕೈಯಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ಅಪ್ಪನ ಸ್ಲೇಟು ಇತ್ತು.

“ಅಪ್ಪಗ ಕೇಳಿಸಿದೆ ಅಜ್ಜಾರ. ಉಸಿರು, ತಡದದ್ದು, ಎಲ್ಲಾ ಹಂಗ ಇಟ್ಟೀನಿ. ನನ್ನ ಮೈಕು ಬಂದ್. ತಬಲಾ ಸಣ್ಣಗ.”

ಸ್ಲೇಟು ಮುಂದೆ ಹಿಡಿದಳು. ‘ಇನ್ನೊಮ್ಮೆ ಹಚ್ಚು’ ಎಂದು ಬರೆದಿತ್ತು. ಅದರ ಕೆಳಗೆ ‘ಇನ್ನೊಮ್ಮೆ’. ಅದರ ಕೆಳಗೂ ‘ಇನ್ನೊಮ್ಮೆ’. ಬರೆಯಲು ಜಾಗ ಉಳಿದಿರಲಿಲ್ಲ.

ಅಜ್ಜ ಸ್ಲೇಟನ್ನು ಕಣ್ಣಿಗೊತ್ತಿಕೊಂಡರು. ಅವರು ಹಾಗೆ ಮಾಡಿದ್ದನ್ನು ಆ ಊರಲ್ಲಿ ಯಾರೂ ನೋಡಿದ್ದಿಲ್ಲ.

ಕಸ್ತೂರಿ ಇನ್ನೂ ನಿಂತೇ ಇದ್ದಳು. “ಒಂದ ಮಾತು ಕೇಳೂದೈತ್ರಿ. ಉಳಿದವರ ರೆಕಾರ್ಡಿನ ಮುಂದ ನಮ್ಮದು ಭಾಳ ಸಣ್ಣಗ ಕೇಳತೈತಿ ಅಂತಾನ ಮುತ್ತಣ್ಣ. ಇವತ್ತ ಮಠದ ಭಜನ್ಯಾಗ ಎಲ್ಲಾರಿಗೂ ಕೇಳಸಬೇಕು. ಒಂದೀಟು ಏರಿಸಲೇನ್ರಿ?”

“ಬ್ಯಾಡವ್ವಾ,” ಎಂದರು ಅಜ್ಜ. “ಇಪ್ಪತ್ತು ವರ್ಷ ಅಂವ ನಿನ್ನ ಬೆರಳಿಗೆ ಕಾಯ್ದಾನ. ಕೇಳವರು ಒಂದ ಹೆಜ್ಜಿ ಮುಂದ ಬಂದು ಕುಂಡ್ರಲಿ.”