ನೆಲದ ಮೇಲೆ ಬರೆದ ಮನೆ

ಹುಬ್ಬಳ್ಳಿಯಲ್ಲಿ ರವಿಕೆ ಹೊಲಿಯುವ ತುಳಜವ್ವ ತನ್ನ ಮಷೀನಿಗೆ ಮಡಚಿಡುವಂಥ ಅಗ್ಗದ ಕ್ಯಾಬಿನೆಟ್ ಹುಡುಕಿಕೊಂಡು ಫರ್ನಿಚರ್ ಅಂಗಡಿಗೆ ಹೋದಳು. ಸಾಹುಕಾರ ವಿರೂಪಣ್ಣ ಮೂಲೆಯಲ್ಲಿದ್ದ ಸಣ್ಣದನ್ನು ಮುಟ್ಟಲೂ ಬಿಡಲಿಲ್ಲ. ದೊಡ್ಡ ತೇಗದ ಕ್ಯಾಬಿನೆಟ್ ತಟ್ಟಿ, ಗಿರಾಕಿಗಳೆಲ್ಲ ಕೇಳುವಂತೆ ಹೇಳಿದ: "ಮರ್ಯಾದಸ್ಥರು ಇದನ್ನ ಒಯ್ತಾರ. ಇದು ಹಿಡಿಯದ ಮನಿ ಹುಬ್ಬಳ್ಳ್ಯಾಗ ಇಲ್ಲ. ಅಂಥಾ ಮನಿ ಇದ್ರ ತೋರ್ಸವ್ವಾ, ಆ ಸಣ್ಣದನ್ನ ಅರ್ಧಾ ರೇಟಿಗೆ ಕೊಡ್ತೀನಿ."

ತುಳಜವ್ವ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದಳು. ಗೇಣು ಹಾಕುತ್ತ ತನ್ನ ಬಾಡಿಗೆ ಕೋಣೆಯನ್ನು ಅಂಗಡಿಯ ನೆಲದ ಮೇಲೆ ಬರೆದಳು.

"ಇಲ್ಲಿ ಒಲಿ, ಸಾಹುಕಾರ್ರ. ಇಲ್ಲಿ ನೀರಿನ ಕೊಡ. ಇಲ್ಲಿ ನಮ್ಮತ್ತಿ ಮಲಗತಾರ, ಅವರಿಗೆ ಏಳಾಕ ಆಗೂದಿಲ್ಲ. ಈಗ ನಿಮ್ಮದು ಇಡ್ರಿ."

ಆಳುಗಳು ಎತ್ತಿ ತಂದರು. ಹೇಗೆ ತಿರುಗಿಸಿದರೂ ಅದು ಅತ್ತೆಯ ಹಾಸಿಗೆಯ ಮೇಲೇ ಬಂತು.

"ಅತ್ತಿಯವರನ್ನ ಹೊರಗ ಹಾಕ್ಲೇನ್ರಿ?" ತುಳಜವ್ವ ಕೇಳಿದಳು.

ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ವಿರೂಪಣ್ಣ ನಗಲಿಲ್ಲ. ಗೆರೆ ತುಳಿಯದಂತೆ ಹಿಂದೆ ಸರಿದ. "ತಪ್ಪಾತವ್ವಾ," ಎಂದು ಸಣ್ಣದನ್ನು ಅರ್ಧ ರೇಟಿಗೇ ಕೊಟ್ಟು, ತಾನೇ ಹೊತ್ತು ಗಾಡಿಗೇರಿಸಿದ.

ತುಳಜವ್ವ ಬಾಗಿಲಲ್ಲಿ ತಿರುಗಿ ನೋಡಿದಳು. ಜನ ಇನ್ನೂ ಆ ಗೆರೆಗಳನ್ನು ತೋರಿಸಿ ನಗುತ್ತಿದ್ದರು. ಎದ್ದು ಕೂರಲಾರದ ಮುದುಕಿಯನ್ನು ನಗೆಗೆ ಈಡು ಮಾಡಿದೆನಲ್ಲ ಎಂದುಕೊಂಡಳು. ಮರಳಿ ಒಳಗೆ ಹೋಗಿ ಮೊಣಕಾಲೂರಿದಳು. ಹಾಸಿಗೆಯ ಗೆರೆಗಳನ್ನಷ್ಟೇ ಸೆರಗಿನಿಂದ ಒರೆಸಿ ಎದ್ದು ಬಂದಳು.