ಮೊಟ್ಟೆ ಕಂಡವನು

“ಗುರುಗಳೇ, ಇವತ್ತು ಏಕಾದಶಿ ಎಂದು ಗೊತ್ತಿದ್ದೂ ತೋಟದ ಮಾಯಣ್ಣ ಅನ್ನ ಉಂಡಿದ್ದಾನೆ. ನಾನೇ ಕಣ್ಣಾರೆ ಕಂಡೆ. ಅವನನ್ನು ಮಠದಿಂದ ಕಳಿಸಿಬಿಡಬೇಕಲ್ಲವೇ?” ಎಂದು ಫಲಾಹಾರಕ್ಕೆ ಎಲೆಯ ಮುಂದೆ ಕುಳಿತಿದ್ದ ಶಿಷ್ಯ ಕೇಳಿದ.

“ಕಳಿಸೋಣ, ಅವಸರವೇನು?” ಎಂದು ಗುರುಗಳು ಕತೆ ಹೇಳಿದರು.

ಬಹಳ ಹಿಂದೆ ಇಂಗ್ಲೆಂಡಿನ ಕಡಲ ತೀರದಲ್ಲಿ ಕ್ರೈಸ್ತ ಸಂನ್ಯಾಸಿಗಳ ಮಠವೊಂದಿತ್ತು. ಅದರ ಜಮೀನನ್ನು ಒಬ್ಬ ರೈತ ಉಳುತ್ತಿದ್ದ. ದೊಡ್ಡ ಹಬ್ಬಕ್ಕೆ ಮುಂಚಿನ ನಲವತ್ತು ದಿನ ಆ ಸೀಮೆಯಲ್ಲಿ ಯಾರೂ ಮಾಂಸ ಮುಟ್ಟುವಂತಿರಲಿಲ್ಲ. ಮೀನಿಗೆ ಅಡ್ಡಿಯಿರಲಿಲ್ಲ. ಆ ದಿನಗಳಲ್ಲೇ ರೈತನ ಹೆಂಡತಿ ಹೆತ್ತಳು. ಮೈಯಲ್ಲಿ ರಕ್ತವಿಲ್ಲ, ಎದೆಯಲ್ಲಿ ಹಾಲಿಲ್ಲ. “ಮಾಂಸದ ಸಾರು ಕುಡಿಸದಿದ್ದರೆ ತಾಯಿ ಮಗು ಇಬ್ಬರೂ ಉಳಿಯುವುದಿಲ್ಲ ಕಣಪ್ಪ” ಎಂದಳು ಸೂಲಗಿತ್ತಿ. ರೈತ ತಾನು ಸಾಕಿದ ಹೆಬ್ಬಾತನ್ನು ಕೊಯ್ದ. ಕದ ಹಾಕಿಕೊಂಡೇ ಬೇಯಿಸಿದ. ಆದರೂ ವಾಸನೆ ಬೀದಿಗೆ ಹೋಯಿತು.

ಮರುದಿನ ಮಠದಿಂದ ಕರೆ ಬಂತು. ತಪ್ಪು ಸಾಬೀತಾದರೆ ಹೊಲವೂ ಹೋಗುತ್ತದೆ, ಗುಡಿಸಲೂ ಹೋಗುತ್ತದೆ. ಬಾಣಂತಿಯನ್ನು ಎಲ್ಲಿ ಮಲಗಿಸುವುದು? ಬೆಳಗಿನಿಂದ ಅವನು ಮಠದ ಊಟದ ಮನೆಯ ಬಾಗಿಲಲ್ಲಿ ಟೊಪ್ಪಿಗೆ ಹಿಂಡುತ್ತ ನಿಂತಿದ್ದ. ಒಳಗಿನಿಂದ ಬಂದ ವಾಸನೆ ಅವನಿಗೆ ಪರಿಚಯದ್ದು. ಇಣುಕಿದ. ಮಠಾಧಿಪತಿಗಳ ತಟ್ಟೆಯಲ್ಲಿ ಹುರಿದ ಹೆಬ್ಬಾತು ಇತ್ತು.

“ಏನಯ್ಯಾ, ಹಾಗೆ ನೋಡುತ್ತೀ?” ಎಂದರು ಅವರು. “ಇದು ಕಾಡು ಹೆಬ್ಬಾತು. ಕಡಲಲ್ಲಿ ತೇಲುವ ಮರದ ದಿಮ್ಮಿಯಲ್ಲಿ ಹುಟ್ಟುತ್ತದೆ. ಮೊಟ್ಟೆಯಿಟ್ಟದ್ದನ್ನು ಯಾರೂ ಕಂಡಿಲ್ಲ. ಆದ್ದರಿಂದ ಇದು ಮೀನು.”

ರೈತನಿಗೆ ಹೋದ ಜೀವ ಬಂದಂತಾಯಿತು. “ಹಾಗಾದರೆ ನನ್ನದೂ ಮೀನೇ, ಸ್ವಾಮಿ! ಅದಕ್ಕೂ ಇದೇ ಕೊಕ್ಕು, ಇದೇ ರೆಕ್ಕೆ.”

ಅವರು ಮೂಳೆಯನ್ನು ಬದಿಗಿಟ್ಟರು. “ಇರಬಹುದು. ನಿನ್ನದು ಮೊಟ್ಟೆಯಿಟ್ಟದ್ದನ್ನು ಕಂಡವರುಂಟೇ?”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಉಪವಾಸದ ದಿನಗಳಲ್ಲಿ ಸುಳ್ಳಾಡಬಾರದೆಂದು ಅದೇ ಮಠದವರು ಅವನಿಗೆ ಕಲಿಸಿದ್ದರು.

“ನಾನೇ ಕಂಡಿದ್ದೇನೆ, ಸ್ವಾಮಿ. ಹುಲ್ಲಿನ ಮೇಲೆ. ಒಂಬತ್ತು.”

ಸಂಜೆಯೊಳಗೆ ಹೊಲ ಮಠಕ್ಕೆ ಮರಳಿತು. ರೈತ ಬಾಣಂತಿಯನ್ನೂ ಮಗುವನ್ನೂ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಊರು ಬಿಟ್ಟ.

“ಎಂಥ ಕಪಟಿಗಳು!” ಎಂದು ಶಿಷ್ಯ ಎಲೆಯಿಂದ ಒಂದು ತುತ್ತು ಎತ್ತಿಕೊಂಡ. “ಗುರುಗಳೇ, ಮಾಯಣ್ಣನನ್ನು ಕರೆಯಲೇ?”

“ಕರೆ. ಅದಕ್ಕೆ ಮೊದಲು, ನಮ್ಮ ಫಲಾಹಾರದ ಈ ಉಪ್ಪಿಟ್ಟು ಯಾವ ಮರದ ಹಣ್ಣು ಎಂದು ಹೇಳು.”