ಜ್ವರ ಮರೆತ ಸೊಳ್ಳೆಗಳು

"ಬುದ್ಧಿ, ತಂದೆಯಿಂದ ಮಗನಿಗೆ ಇಳಿದು ಬಂದ ಹಗೆ ಯಾರಿಂದ ಮುಗಿಯುತ್ತದೆ?" ಎಂದು ಚನ್ನವೀರ ಗುರುಗಳನ್ನು ಕೇಳಿದ.

ಚನ್ನವೀರ ಮಠಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಊರಿನಲ್ಲಿ ಅವನ ಮನೆತನಕ್ಕೂ ಇನ್ನೊಂದು ಮನೆತನಕ್ಕೂ ನಾಲೆಯ ನೀರಿನ ವಿಷಯದಲ್ಲಿ ಹಗೆ. ನಾಲೆ ಮುಚ್ಚಿಹೋದರೂ ಹಗೆ ಉಳಿದಿತ್ತು. ಅಜ್ಜ ಅದನ್ನು ಅಪ್ಪನಿಗೆ ಬಿಟ್ಟುಹೋದ, ಅಪ್ಪ ಮಕ್ಕಳಿಗೆ ಕಲಿಸಿದ. ಆ ಹಗೆಯಿಂದಲೇ ಅಣ್ಣ ಜೈಲಿನಲ್ಲಿದ್ದ. ಚನ್ನವೀರನ ಮನಸ್ಸಿನಲ್ಲಿ ಮಾತ್ರ ಈಗ ಹಗೆ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ಅದು ಕಳಚಿಬಿತ್ತು ಎಂದು ಅವನೇ ಹೇಳಿದ. ಆದರೆ ಊರಿನಲ್ಲಿ ಉಳಿದವರು ತಿದ್ದಿಕೊಳ್ಳುವ ಜನವಲ್ಲ, ಇನ್ನು ಆ ಊರಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದೂ ಹೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಪಡುವಣ ಕಡಲಿಗೆ ಹೊಳೆಯೊಂದು ಸೇರುವಲ್ಲಿ ಒಂದು ಕುದ್ರು ಇತ್ತು. ಹೊಳೆಯ ನಡುವಿನ ನಡುಗಡ್ಡೆಯನ್ನು ಆ ಕಡೆಯವರು ಕುದ್ರು ಎನ್ನುತ್ತಾರೆ. ಸುತ್ತಲೂ ಉಪ್ಪುನೀರು, ಒಳಗೆ ಮನೆಮನೆಗೊಂದು ಸಿಹಿನೀರಿನ ಬಾವಿ. ಆ ಬಾವಿಗಳಲ್ಲೇ ಸೊಳ್ಳೆ ಹುಟ್ಟುತ್ತಿತ್ತು. ಮಳೆಗಾಲ ಹಿಂದೆ ಸರಿದೊಡನೆ ಕುದ್ರುವಿಗೆ ಮಲೇರಿಯಾ ಬರುತ್ತಿತ್ತು. ಕೆಲವರು ನಡುಗಿ ಎದ್ದರು, ಕೆಲವರು ಏಳಲಿಲ್ಲ. ಆಚೆ ದಡದವರು ಅದಕ್ಕೆ ಜ್ವರದ ಕುದ್ರು ಎಂದೇ ಹೆಸರಿಟ್ಟಿದ್ದರು. ಅಲ್ಲಿಗೆ ಹೆಣ್ಣು ಕೊಡುವವರು ಇರಲಿಲ್ಲ. ಅಲ್ಲಿನ ಗಂಡುಗಳು ಮದುವೆಯಾಗಬೇಕೆಂದರೆ ಕುದ್ರು ಬಿಟ್ಟು ಹೋಗಬೇಕಿತ್ತು.

ಅಲ್ಲಿ ಅಕ್ಕಣಿ ಎಂಬ ಹೆಂಗಸು ಇದ್ದಳು. ಹೊಳೆಯಲ್ಲಿ ಚಿಪ್ಪು ಹೆಕ್ಕಿ ಮಾರುವವಳು. ಜ್ವರ ಮೊದಲು ಅವಳ ಗಂಡನನ್ನು ಕೊಂಡೊಯ್ದಿತು. ಆಮೇಲೆ ಮಗಳು ಜಲಜಳನ್ನು ಕೊಂಡೊಯ್ದಿತು. ಜಲಜ ಆಸ್ಪತ್ರೆಗೆ ಹೋಗುವ ದೋಣಿಯಲ್ಲೇ, ತಾಯಿಯ ತೊಡೆಯ ಮೇಲೆ ಹೋದಳು. ಅಂದಿನಿಂದ ಅಕ್ಕಣಿಗೆ ಸೊಳ್ಳೆಯೆಂದರೆ ವೈರಿ. ಬಾವಿಗಳಿಗೆ ಮೀನು ಬಿಡಿಸಿದಳು, ಬಲೆ ಮುಚ್ಚಿಸಿದಳು. ಔಷಧಿ ಸಿಂಪಡಿಸುವವರು ಬಂದಾಗ ಅವರ ಜೊತೆ ತಾನೇ ಮನೆಮನೆಗೆ ಹೋದಳು. ಸೊಳ್ಳೆ ಸಾಯುತ್ತಿತ್ತು. ಸಾಯದೆ ಉಳಿದವು ಮೊಟ್ಟೆಯಿಟ್ಟು ಮರಿ ಮಾಡುತ್ತಿದ್ದವು. ಆ ಮರಿಗಳಿಗೆ ಔಷಧಿ ತಾಗುತ್ತಿರಲಿಲ್ಲ. ವರ್ಷ ಕಳೆದಂತೆ ಔಷಧಿಯ ವಾಸನೆಗೆ ಜನ ಕೆಮ್ಮುತ್ತಿದ್ದರು, ಸೊಳ್ಳೆ ಕೆಮ್ಮುತ್ತಿರಲಿಲ್ಲ.

ಹೀಗಿರುವಾಗ ಪೇಟೆಯ ಸಂಶೋಧನಾ ಕೇಂದ್ರದಿಂದ ಫ್ಲೇವಿಯಾ ಎಂಬ ವಿಜ್ಞಾನಿ ಕುದ್ರುವಿಗೆ ಬಂದಳು. ಕ್ರಿಸ್ತರ ಹೆಂಗಸಾದ್ದರಿಂದ ಅಲ್ಲಿಯವರು ಅವಳನ್ನು ಬಾಯಮ್ಮ ಎಂದು ಕರೆದರು. ಭಜನಾ ಮಂದಿರದ ಅಂಗಳದಲ್ಲಿ ಜನ ಸೇರಿದರು. ತಾನು ಕುದ್ರುವಿನಲ್ಲಿ ಸೊಳ್ಳೆ ಬಿಡಲು ಬಂದಿದ್ದೇನೆ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು.

ಅಂಗಳದಲ್ಲಿ ಗದ್ದಲವಾಯಿತು. ಅವಳು ಗದ್ದಲ ಇಳಿಯುವವರೆಗೆ ಕಾದು, ನಿಧಾನವಾಗಿ ಬಿಡಿಸಿ ಹೇಳಿದಳು. ಜ್ವರ ಸೊಳ್ಳೆಯದ್ದಲ್ಲ. ಜ್ವರದ ಕ್ರಿಮಿ ರೋಗಿಯ ರಕ್ತದಿಂದ ಸೊಳ್ಳೆಯ ಹೊಟ್ಟೆಗೆ ಹೋಗಿ, ಅಲ್ಲಿ ಬೆಳೆದು ಬಲಿತರೆ ಮಾತ್ರ ಇನ್ನೊಬ್ಬರಿಗೆ ಇಳಿಯುತ್ತದೆ. ಅವಳೂ ಅವಳ ಜೊತೆಯವರೂ ಸೊಳ್ಳೆಯ ವಂಶವಾಹಿಯನ್ನೇ ತಿದ್ದಿದ್ದರು. ಆ ಸೊಳ್ಳೆಯ ಹೊಟ್ಟೆಯಲ್ಲಿ ಕ್ರಿಮಿ ಬಲಿಯುತ್ತಿರಲಿಲ್ಲ. ಬಿಡುವುದು ಗಂಡು ಸೊಳ್ಳೆಗಳನ್ನು ಮಾತ್ರ. ಗಂಡು ಸೊಳ್ಳೆ ಕಚ್ಚುವುದಿಲ್ಲ. ಅದು ಕುದ್ರುವಿನ ಹೆಣ್ಣನ್ನು ಕೂಡಿದರೆ ಹುಟ್ಟುವ ಮರಿಗಳಲ್ಲಿ ಅರ್ಧಕ್ಕಲ್ಲ, ಹೆಚ್ಚುಕಡಿಮೆ ಎಲ್ಲಕ್ಕೂ ತಂದೆಯ ಗುಣ ಬರುತ್ತದೆ. ಆ ಮರಿಗಳ ಮರಿಗಳಿಗೂ ಬರುತ್ತದೆ. ಸರ್ಕಾರ ಒಪ್ಪಿಗೆ ಕೊಟ್ಟಿದೆ, ಆದರೆ ನೀವು ಒಪ್ಪದೆ ನಾನು ಪೆಟ್ಟಿಗೆ ತೆರೆಯುವುದಿಲ್ಲ ಎಂದು ಅವಳು ಮಾತು ಮುಗಿಸಿದಳು.

ಅಕ್ಕಣಿ ಎದ್ದು ನಿಂತಳು. ಅವಳ ಮಾತಿಗೆ ಕುದ್ರುವಿನಲ್ಲಿ ತೂಕವಿತ್ತು.

"ಬಾಯಮ್ಮ, ನಿನ್ನ ಸೊಳ್ಳೆ ಅಷ್ಟು ಒಳ್ಳೆಯದಾದರೆ ಅದನ್ನು ನಿನ್ನ ಪೆಟ್ಟಿಗೆಯಲ್ಲೇ ಚಂದ ಮಾಡಿ ಇಟ್ಟುಕೋ. ನಮಗೆ ಹೊರಗಿನ ಕೆಟ್ಟದ್ದನ್ನು ಕೊಲ್ಲುವ ಮದ್ದು ಕೊಡು."

"ಕೊಲ್ಲುವುದನ್ನು ನೀವು ಇಷ್ಟು ವರ್ಷ ಮಾಡಿದಿರಿ, ಅಮ್ಮಾ. ಪೆಟ್ಟಿಗೆಯಲ್ಲಿದ್ದರೆ ಇದು ಒಳ್ಳೆಯ ಸೊಳ್ಳೆ, ಅಷ್ಟೇ. ಇದರಿಂದ ಯಾರ ಜ್ವರವೂ ನಿಲ್ಲುವುದಿಲ್ಲ. ಆ ಕೆಟ್ಟವುಗಳ ನಡುವೆ ಹೋಗಿ ಸಂಸಾರ ಮಾಡಿದರೆ ಮಾತ್ರ ನಿಲ್ಲುತ್ತದೆ."

ಅಕ್ಕಣಿ ಒಪ್ಪಲಿಲ್ಲ. ಅವಳು ಒಪ್ಪದ ಮೇಲೆ ಕುದ್ರು ಒಪ್ಪಲಿಲ್ಲ. ಫ್ಲೇವಿಯಾ ಬೇಸರ ತೋರಿಸದೆ ಹೊರಟುಹೋದಳು. ಮತ್ತೆ ಬಂದಳು. ಮಳೆ ಬಂತು, ಹೋಯಿತು. ಜ್ವರ ಬಂತು. ಅವಳು ಬರುವುದನ್ನು ನಿಲ್ಲಿಸಲಿಲ್ಲ. ಬಂದಾಗಲೆಲ್ಲ ಅಕ್ಕಣಿಯ ಜಗಲಿಯ ಮೇಲೆ ಕೂತು ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದಳು. ಅದೊಂದು ಗುಣ ಅಕ್ಕಣಿಗೆ ಹಿಡಿಸಿತು.

ಕೊನೆಗೆ ಒಂದು ದಿನ, ನಿನ್ನ ಸೊಳ್ಳೆಯನ್ನು ಕಣ್ಣಾರೆ ನೋಡುತ್ತೇನೆ ಎಂದು ಅಕ್ಕಣಿ ಪೇಟೆಗೆ ಹೊರಟಳು. ಸಂಶೋಧನಾ ಕೇಂದ್ರದಲ್ಲಿ ಬಲೆಯ ಗೂಡುಗಳಲ್ಲಿ ಸೊಳ್ಳೆಗಳಿದ್ದವು. ಒಂದು ಗೂಡಿನಲ್ಲಿ ಹೊಸ ವಂಶದ ಹೆಣ್ಣು ಸೊಳ್ಳೆಗಳು. ಅವು ಜ್ವರದ ರಕ್ತ ಕುಡಿದು, ಕ್ರಿಮಿ ಬಲಿಯುವಷ್ಟು ದಿನವಾಗಿತ್ತು. ಬೇರೆ ಸೊಳ್ಳೆಯಾಗಿದ್ದರೆ ಇಷ್ಟರಲ್ಲಿ ಅದರ ಎಂಜಲಿನಲ್ಲಿ ಜ್ವರ ಇರುತ್ತಿತ್ತು ಎಂದು ಫ್ಲೇವಿಯಾ ಹೇಳಿದಳು.

ನಿನಗೆ ಅಷ್ಟು ನಂಬಿಕೆ ಇದೆಯೇ ಎಂದು ಅಕ್ಕಣಿ ಕೇಳಿದಳು.

ಫ್ಲೇವಿಯಾ ಅಂಗಿಯ ತೋಳು ಮಡಚಿ ಕೈಯನ್ನು ಗೂಡಿನೊಳಗೆ ಇಟ್ಟಳು. ಸೊಳ್ಳೆಗಳು ಬಂದು ಕೂತವು. ಅವುಗಳ ಹೊಟ್ಟೆ ಕೆಂಪಾಗಿ ಉಬ್ಬುವುದನ್ನು ಅಕ್ಕಣಿ ಬಗ್ಗಿ ನೋಡಿದಳು.

ಕುದ್ರುವಿಗೆ ಮರಳಿದ ಮೇಲೆ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಜ್ವರ ಏಳಲು ಎಷ್ಟು ದಿನ ಬೇಕೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೊದಮೊದಲು, ಆ ಹೆಂಗಸು ನಡುಗುತ್ತಾ ಮಲಗಲಿ, ಆಗ ಬುದ್ಧಿ ಬರುತ್ತದೆ ಎನಿಸಿತು. ಆ ಯೋಚನೆ ಹೆಚ್ಚು ದಿನ ನಿಲ್ಲಲಿಲ್ಲ. ಆ ಕೈ ಅವಳ ಕಣ್ಣಿಗೆ ಕಟ್ಟಿತ್ತು. ಸಂಜೆ ದೀಪ ಹಚ್ಚುವಾಗ, ಅವಳಿಗೆ ಏನೂ ಆಗದಿರಲಿ ಎಂದು ಕೈಮುಗಿದಳು. ಹಾಗೆಂದರೆ ಆ ಸೊಳ್ಳೆಗಳು ಗೆಲ್ಲಲಿ ಎಂದೇ ಬೇಡಿಕೊಂಡಂತಾಯಿತು ಎಂಬುದು ಆಮೇಲೆ ಹೊಳೆದು, ತಾನೇ ಬೆರಗಾದಳು.

ಫ್ಲೇವಿಯಾಗೆ ಜ್ವರ ಏಳಬೇಕಿದ್ದ ದಿನಗಳು ಬಂದವು, ದಾಟಿದವು. ಫ್ಲೇವಿಯಾ ಕುದ್ರುವಿನ ದಕ್ಕೆಯಲ್ಲಿ ದೋಣಿಯಿಂದ ತಾನೇ ಜಿಗಿದು ಇಳಿದಳು. ಅಕ್ಕಣಿ ಅವಳ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಅಂದೇ ಭಜನಾ ಮಂದಿರದ ಅಂಗಳಕ್ಕೆ ಜನರನ್ನು ಕರೆಸಿ, ನಾನು ಒಪ್ಪಿದ್ದೇನೆ ಎಂದಳು.

ಮೊದಲ ಪೆಟ್ಟಿಗೆಯನ್ನು ಅವಳೇ ತೆರೆಯಬೇಕೆಂದು ಎಲ್ಲರೂ ಹೇಳಿದರು. ಮಗಳನ್ನು ತಿಂದ ಜಾತಿಗೆ ತಾನೇ ಬಾಗಿಲು ತೆಗೆಯುತ್ತಿದ್ದೇನೆ ಎನಿಸಿತು. ಕಣ್ಣು ಮುಚ್ಚಿ ಮುಚ್ಚಳ ಸರಿಸಿದಳು. ಕಣ್ಣು ಬಿಟ್ಟಾಗ ಪೆಟ್ಟಿಗೆ ಬರಿದಾಗಿತ್ತು.

ಆ ವರ್ಷವೂ ಜ್ವರ ಬಂತು.

ಸೂರ ಮರಕಾಲ ಎಂಬ ಮೀನುಗಾರನ ಮಗ ಹಾಸಿಗೆ ಹಿಡಿದ. ಪ್ರಾಯದ ಹುಡುಗ, ಬದುಕುವುದೇ ಅನುಮಾನವಾಯಿತು. ಸೂರ ಬಂದು ಅಕ್ಕಣಿಯ ಅಂಗಳದಲ್ಲಿ ನಿಂತು, "ಪೆಟ್ಟಿಗೆ ತೆರೆದವಳು ನೀನು" ಎಂದ. ಬೇರೇನೂ ಹೇಳದೆ ಹೋದ. ಅವಳು ಅನ್ನ ಬಿಟ್ಟಳು. ಹುಡುಗ ಹೇಗೋ ಉಳಿದುಕೊಂಡ. ಆದರೆ ಆ ಮೇಲೆ ದಕ್ಕೆಯಲ್ಲಿ ಅವಳ ಪಕ್ಕ ಯಾರೂ ಬುಟ್ಟಿ ಇಡಲಿಲ್ಲ. ಮಾತಾಡಿಸುವವರು ಕಡಿಮೆಯಾದರು.

ಫ್ಲೇವಿಯಾ ಬಂದು, ಇದು ಒಂದು ಮಳೆಗಾಲದ ಕೆಲಸವಲ್ಲ, ಇದನ್ನು ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಎಂದಳು. ಅಕ್ಕಣಿ ಅವಳನ್ನು ಬೈಯಲೂ ಇಲ್ಲ, ಬಿಡಲೂ ಇಲ್ಲ. ಮುಂದೇನು ಮಾಡಬೇಕು ಹೇಳು ಎಂದಳು. ಹೊಸ ವಂಶ ಎಷ್ಟು ಹರಡಿದೆ ಎಂದು ನೋಡಲು ಬಾವಿಗಳಿಂದ ಸೊಳ್ಳೆಯ ಹುಳು ಹಿಡಿದು ಕೊಡಬೇಕಿತ್ತು. ಚಿಪ್ಪು ಹೆಕ್ಕುವ ಬುಟ್ಟಿ ಬದಿಗಿಟ್ಟು, ಉದ್ದ ಹಿಡಿಯ ಸೌಟು ಹಿಡಿದು ಅವಳು ಬಾವಿಯಿಂದ ಬಾವಿಗೆ ನಡೆದಳು. ಬಾಗಿಲು ಮುಚ್ಚಿಕೊಂಡವರ ಬಾವಿಯನ್ನೂ ಬಿಡಲಿಲ್ಲ.

ಹೊಸ ವಂಶಕ್ಕೆ ಒಂದು ಗುರುತಿತ್ತು. ಒಂದು ಬಗೆಯ ಬೆಳಕಿನಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಅದರ ಹುಳುವಿನ ಕಣ್ಣು ಕೆಂಪಗೆ ಹೊಳೆಯುತ್ತಿತ್ತು. ಹಳೆಯ ವಂಶದ ಹುಳುವಿನ ಕಣ್ಣು ಕಪ್ಪಗೇ ಇರುತ್ತಿತ್ತು. ಆರಂಭದಲ್ಲಿ ಕೆಂಪು ಕಣ್ಣು ಹುಡುಕಿದರೂ ಸಿಗುವುದು ಕಷ್ಟವಾಗಿತ್ತು. ಬರುಬರುತ್ತಾ ಅಲ್ಲೊಂದು ಇಲ್ಲೊಂದು ಕಂಡಿತು. ಮರುವರ್ಷ ಬೇಸಿಗೆ ಕಳೆಯುವ ಹೊತ್ತಿಗೆ ಫ್ಲೇವಿಯಾ ಒಂದು ದಿನ ಅವಳನ್ನು ಕರೆದು, ಸೂಕ್ಷ್ಮದರ್ಶಕದಲ್ಲಿ ನೀವೇ ನೋಡಿ ಎಂದಳು. ಅಕ್ಕಣಿ ಒಂದು ಕಣ್ಣು ಮುಚ್ಚಿ ನೋಡಿದಳು. ಕತ್ತಲೆಯಲ್ಲಿ ಕೆಂಡದ ಚೂರುಗಳು ತೇಲುತ್ತಿದ್ದವು. ಎಲ್ಲಿ ನೋಡಿದರೂ ಅವೇ.

"ಇದು ಯಾರ ಬಾವಿಯದು?"

"ನಿಮ್ಮದೇ."

ಅವಳ ಬಾವಿಯ ಹತ್ತಿರ ಯಾರೂ ಪೆಟ್ಟಿಗೆ ತೆರೆದಿರಲಿಲ್ಲ. ಪೆಟ್ಟಿಗೆ ತೆರೆದದ್ದು ಕುದ್ರುವಿನ ಆ ತುದಿಯಲ್ಲಿ. ಅಲ್ಲಿ ಬಿಟ್ಟವು ಎಂದೋ ಸತ್ತುಹೋಗಿದ್ದವು. ಅವುಗಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಬಾವಿಯಿಂದ ಬಾವಿಗೆ ಸಂಸಾರ ಹೂಡುತ್ತಾ ಅವಳ ಹಿತ್ತಲಿಗೆ ಬಂದಿದ್ದವು. ಅಕ್ಕಣಿ ಸೂಕ್ಷ್ಮದರ್ಶಕದಿಂದ ಮುಖ ಎತ್ತಲಿಲ್ಲ. ಜಲಜ ಹೋದಾಗಲೂ ಅಳದವಳು ಅಂದು ಅತ್ತಳು.

ಆ ಮಳೆಗಾಲ ಮುಗಿದಾಗ ಜ್ವರ ಬಿದ್ದವರು ಬೆರಳೆಣಿಕೆಯ ಮಂದಿ. ಅದರ ಮುಂದಿನ ಮಳೆಗಾಲ ಮುಗಿದಾಗ ಕುದ್ರುವಿನ ಜನ ಕಾದರು. ಇಂದು ಯಾರಿಗೆ, ನಾಳೆ ಯಾರಿಗೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರೋಗ್ಯ ಇಲಾಖೆಯವರು ಬಂದು ಮನೆಮನೆಯಲ್ಲೂ ಬೆರಳು ಚುಚ್ಚಿ ರಕ್ತ ತೆಗೆದರು. ಯಾರ ರಕ್ತದಲ್ಲೂ ಕ್ರಿಮಿ ಇರಲಿಲ್ಲ. ನವರಾತ್ರಿ ಬಂತು, ದೀಪಾವಳಿ ಬಂತು. ರಗ್ಗು ಹೊದ್ದು ನಡುಗುವವರು ಒಬ್ಬರೂ ಇರಲಿಲ್ಲ. ಸೊಳ್ಳೆ ಮಾತ್ರ ಹಿಂದಿನಂತೆಯೇ ಕಿವಿಯ ಹತ್ತಿರ ಹಾಡುತ್ತಿತ್ತು, ಹಿಂದಿನಂತೆಯೇ ಕಚ್ಚುತ್ತಿತ್ತು. ಅದರ ಹತ್ತಿರ ಕೊಡಲು ಜ್ವರ ಇರಲಿಲ್ಲ.

ಸುದ್ದಿ ಆಚೆ ದಡಕ್ಕೆ ಹೋಯಿತು. ಸೂರ ಮರಕಾಲನ ಮಗನಿಗೆ ಹೆಣ್ಣು ಗೊತ್ತಾಯಿತು. ಎಷ್ಟೋ ವರ್ಷಗಳ ಮೇಲೆ ಜ್ವರದ ಕುದ್ರುವಿಗೆ ಮದುಮಗಳ ದೋಣಿ ಬರುವುದಿತ್ತು. ಸೂರ ಅಕ್ಕಣಿಯ ಮನೆಗೆ ಬಂದ. ಅಂದು ನಿಂತಿದ್ದ ಜಾಗದಲ್ಲೇ ತಲೆ ತಗ್ಗಿಸಿ ನಿಂತು, ಮದುಮಗಳಿಗೆ ಆರತಿ ಎತ್ತಿ ದೋಣಿಯಿಂದ ಇಳಿಸಿಕೊಳ್ಳುವವಳು ನೀನೇ ಎಂದ. ಗಂಡ ಸತ್ತವಳು ಆರತಿ ಎತ್ತುವುದುಂಟೇ ಎಂದು ಅವಳು ಹಿಂದೆ ಸರಿದಳು. ಸೂರ ಒಂದೇ ಮಾತು ಹೇಳಿದ: "ಈ ಕುದ್ರುವಿಗೆ ಮುತ್ತೈದೆತನ ತಂದವಳು ನೀನು."

ಇಡೀ ಕುದ್ರು ದಕ್ಕೆಯಲ್ಲಿ ಸೇರಿತು. ಜನರ ನಡುವೆ ಫ್ಲೇವಿಯಾ ಇದ್ದಳು. ಡೋಲು ಬಡಿದರು, ದೋಣಿ ಕಂಡದ್ದೇ ಹೆಂಗಸರು ಹಾಡತೊಡಗಿದರು. ಅಕ್ಕಣಿ ಹರಿವಾಣ ಹಿಡಿದು ನೀರಿಗೆ ಇಳಿದೇ ನಿಂತಳು. ಆರತಿ ಬೆಳಗಿ ಮದುಮಗಳ ಕೈ ಹಿಡಿದು ಇಳಿಸುವಾಗ ಒಂದು ಸೊಳ್ಳೆ ಬಂದು ಹುಡುಗಿಯ ಮುಂಗೈ ಮೇಲೆ ಕೂತಿತು. ಹುಡುಗಿ ಬೆದರಿ ಅಜ್ಜೀ, ಸೊಳ್ಳೆ ಎಂದಳು.

"ಇರಲಿ ಮಗಾ, ಅದು ನಮ್ಮ ಮನೆಯದೇ" ಎಂದು ಅಕ್ಕಣಿ ನಕ್ಕಳು. ದಕ್ಕೆಯವರೆಲ್ಲ ನಕ್ಕರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರನ ಮುಖ ಅರಳಿತ್ತು. ಎಂಥ ಗೆಲುವು ಬುದ್ಧಿ, ಆ ಬಾಯಮ್ಮನೂ ಅಕ್ಕಣಿಯೂ ಪುಣ್ಯವಂತರು ಎಂದ.

ಗುರುಗಳು ಕೇಳಿದರು: "ನಿಮ್ಮ ಊರಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ?"

ಚನ್ನವೀರ ಮಠದ ನಾಲ್ಕು ಗೋಡೆಗಳನ್ನು ನೋಡಿದ; ಮುಚ್ಚಿದ ಪೆಟ್ಟಿಗೆಯಲ್ಲಿ ಕೂತವನು ತಾನೇ ಎಂದು ಅವನಿಗೆ ಹೊಳೆಯಿತು.